ಹಳ್ಳಿಯ ಜಾಲತಾಣಕ್ಕೆ ಪಿಎಚ್‌ಪಿ

ಕೃಷ್ಣದೇವರಾಯನಿಗೆ ಎದುರು ನಿಂತ ಪಾಳೆಯಗಾರರ ಊರು ಉಮ್ಮತ್ತೂರು. ಆ ಚರಿತ್ರೆಗೊಂದು ಜಾಲತಾಣ ಕಟ್ಟಲು ಅಲ್ಲಿನ ವಿದ್ಯಾರ್ಥಿ ಹೊರಟರೆ ನಾನು ಕೈಗೆ ಕೊಡುವುದು ಪಿಎಚ್‌ಪಿಯನ್ನೇ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಈ ಭಾಷೆ ಕಲಿಯುವವರನ್ನು ಕಾಯಿಸುವುದಿಲ್ಲ. ಪಿಎಚ್‌ಪಿ ಇರುವ ಸರ್ವರ್‌ನಲ್ಲಿ ಕಡತ ಬರೆದು ಉಳಿಸಿ ಬ್ರೌಸರ್ ತೆರೆದರೆ ಪುಟ ಎದುರಿಗಿರುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಪಿಎಚ್‌ಪಿಯದ್ದೇ.

ಹೊಸಬರು ಎಡವುವುದು ಕನ್ನಡ ಅಕ್ಷರಗಳ ಎಣಿಕೆಯಲ್ಲಿ. ‘ಉಮ್ಮತ್ತೂರು’ ಕಣ್ಣಿಗೆ 4 ಅಕ್ಷರ. ಪಿಎಚ್‌ಪಿಯಲ್ಲಿ ಪದದ ಉದ್ದ ಅಳೆಯುವ ಫಂಕ್ಷನ್‌ಗಳ ಪೈಕಿ ಸ್ಟ್ರ್‌ಲೆನ್ ಹೇಳುವುದು 30, ಎಂಬಿ ಸ್ಟ್ರ್‌ಲೆನ್ ಹೇಳುವುದು 10. ಮೊದಲನೆಯದು ಯುಟಿಎಫ್-8ರ ಬೈಟುಗಳು. ಎರಡನೆಯದು ವ್ಯಂಜನ, ಹಲಂತ, ಸ್ವರಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿದ ಯೂನಿಕೋಡ್ ಸಂಕೇತಗಳು. ಶೀರ್ಷಿಕೆಯನ್ನು ಬೈಟಿನ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರ ನಡುವೆಯೇ ಒಡೆದು ಪ್ರಶ್ನೆಚಿಹ್ನೆ ಮೂಡಬಹುದು. ಇದನ್ನು ನಮ್ಮ ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳಿಕೊಡಬೇಕು. ಮಾಹಿತಿ ಇಡುವ ಮೈಎಸ್‌ಕ್ಯುಎಲ್ ದತ್ತಸಂಚಯದ ಕೋಷ್ಟಕಗಳೂ ಯುಟಿಎಫ್8ಎಂಬಿ4ನಲ್ಲೇ ಇರಲಿ.

ಆಮೇಲಿನದು ಆರೈಕೆ. ಓದುಗರು ಬರೆದದ್ದನ್ನು ಪುಟದಲ್ಲಿ ತೋರಿಸುವ ಮುನ್ನ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮೂಲಕ ಹಾಯಿಸಿ. ದತ್ತಸಂಚಯಕ್ಕೆ ಕಳಿಸುವ ಪ್ರಶ್ನೆಗಳಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಹಳೆಯ ಪಿಎಚ್‌ಪಿ ತಾಣಗಳು ಸಣ್ಣಪುಟ್ಟ ತಿದ್ದುಪಡಿಯಲ್ಲೇ ಬಹುಕಾಲ ಬಾಳುವುದು ನನಗೆ ತುಂಬ ಇಷ್ಟ. ಆದರೂ ಹೊಸ ಆವೃತ್ತಿಗೆ ಏರುವ ಮುನ್ನ ಕಡತಗಳ ಜೊತೆ ದತ್ತಸಂಚಯದ ಪ್ರತಿಯನ್ನೂ ತೆಗೆದಿಡಬೇಕು.