ಮಿಂಚು ಹೊಡೆಯದ ಕ್ಯಾಮೆರಾ

ಸೋದರಮಾವ ತೀರಿಕೊಂಡಾಗ ಮದ್ದೂರಿನ ಮನೆಯಲ್ಲಿ ಎಲ್ಲರೂ ಸೇರಿ ಹುಡುಕಿದ್ದು ಒಂದು ಫೋಟೋವನ್ನು. ಹಾರ ಹಾಕಿ ಇಡುವುದಕ್ಕೆ ಬೇಕಿತ್ತು. ನಲವತ್ತು ವರ್ಷ ಭಜನೆ, ತತ್ವಪದ ಎಂದು ಊರೂರು ಸುತ್ತಿದ ಮನುಷ್ಯ. ಆದರೆ ಹಾಡುತ್ತಿರುವ ಫೋಟೋ ಸಿಕ್ಕಿದ್ದು ಒಂದೇ ಒಂದು. ಯಾವುದೋ ಜಾತ್ರೆಯ ರಾತ್ರಿ ತೆಗೆದದ್ದು. ಫ್ಲ್ಯಾಷಿನ ಹೊಡೆತಕ್ಕೆ ಮುಖ ಅಕ್ಕಿಹಿಟ್ಟು ಬಳಿದ ಹಾಗಿದೆ. ಕಣ್ಣು ಮುಚ್ಚಿಹೋಗಿದೆ. ಬಾಯಿಯ ಜಾಗದಲ್ಲಿ ಮೈಕು. ಹಿಂದಿನ ಗೋಡೆಯ ಮೇಲೆ ಅವರಿಗಿಂತ ದೊಡ್ಡದಾದ ಕರೀ ನೆರಳು. ಹಾಡುವವರ ಹಾಗಲ್ಲ, ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದರು. ಕೊನೆಗೆ ಮತದಾರರ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದೆವು. “ಇವ್ರು ಹಾಡ್ತಿದ್ರು ಅಂದ್ರೆ ಮೊಮ್ಮಕ್ಳು ನಂಬ್ತಾವಾ ಹೇಳು” ಎಂದರು ಅತ್ತೆ. ನನ್ನ ಹತ್ತಿರ ಉತ್ತರವಿರಲಿಲ್ಲ. ನನಗೆ ಕ್ಯಾಮೆರಾದ ಗೀಳು ಹತ್ತಿದ್ದು ಅಲ್ಲಿಂದ.

ಆಮೇಲೆ ಹಾಡುಗಾರರ ಫೋಟೋ ಎಲ್ಲಿ ಕಂಡರೂ ತಕರಾರು ತೆಗೆಯುವುದು ಅಭ್ಯಾಸವಾಗಿಬಿಟ್ಟಿದೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಸ್ಮರಣ ಸಂಚಿಕೆ ತೆಗೆದು ನೋಡಿ. ಶಾಲು ಹೊದಿಸುವ ಫೋಟೋ ಚೆನ್ನಾಗಿಯೇ ಇರುತ್ತದೆ. ಆ ಹೊತ್ತಿಗೆ ಸಭೆಯ ದೀಪಗಳೆಲ್ಲ ಉರಿಯುತ್ತಿರುತ್ತವೆ, ಗಣ್ಯರು ಕ್ಯಾಮೆರಾದ ಕಡೆ ತಿರುಗಿ ಅಲುಗದೆ ನಿಂತಿರುತ್ತಾರೆ. ಹಾಡಿದ ಫೋಟೋ ಮಾತ್ರ ಮಸುಕು, ಇಲ್ಲವೇ ಸುಣ್ಣ. ಮದುವೆಯ ಆಲ್ಬಮ್ಮಿನಲ್ಲಿ ಹೋಳಿಗೆಯ ತಟ್ಟೆಗೂ ಒಂದು ಪುಟವಿದೆ, ಬೆಳಗಿನ ಜಾವ ಸೋಬಾನೆ ಹೇಳಿದ ಹೆಂಗಸರಿಗೆ ಒಂದು ಮೂಲೆಯೂ ಇಲ್ಲ. ಕತ್ತಲಲ್ಲಿ ಕೂತು ಹಾಡಿದವರು ಕತ್ತಲಲ್ಲೇ ಉಳಿದರು.

ತಕರಾರು ಹೇಳುವ ನಾನೇನು ಸಾಚಾ ಅಲ್ಲ. ನನ್ನ ತವರು ಮಳವಳ್ಳಿಯ ಕಡೆ. ಆ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕತೆಯನ್ನು ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ಹಾಡುತ್ತಾರೆ. ಶುರುವಾದರೆ ಬೆಳಕು ಹರಿಯುವವರೆಗೂ ಉಂಟು. ಮಳವಳ್ಳಿ ಮಹದೇವಸ್ವಾಮಿಯವರ ಕಂಠವನ್ನು ಕ್ಯಾಸೆಟ್ಟಿನಲ್ಲಿ ಕೇಳದ ಮನೆ ನಮ್ಮ ಕಡೆ ಅಪರೂಪ. ಒಮ್ಮೆ ನೆಂಟರ ಊರಿನಲ್ಲಿ ಕತೆ ನಡೆಯುತ್ತಿತ್ತು. ಹಜಾರದಲ್ಲಿ ಒಂದೇ ಬಲ್ಬು. ಮುದುಕರೊಬ್ಬರು ಕಣ್ಣು ಅರೆಮುಚ್ಚಿ ದನಿ ಏರಿಸುತ್ತಿದ್ದರು. ನಾನು ಆಸೆಗೆ ಬಿದ್ದು ಫೋನು ಎತ್ತಿ ಒತ್ತಿದೆ. ಫ್ಲ್ಯಾಷ್ ಹಾಕಿದ್ದು ಮರೆತೇ ಹೋಗಿತ್ತು. ಝಗ್ ಅಂದಿತು. ತಂಬೂರಿ ನಿಂತಿತು. ಅಜ್ಜ ಕಣ್ಣುಜ್ಜಿಕೊಂಡು, ಸಿಟ್ಟೇನೂ ಇಲ್ಲದೆ, “ಹಿಂಗ್ ಮಿಂಚು ಹೊಡುದ್ರೆ ಪದ ಎಲ್ ನಿಂತದವ್ವಾ?” ಎಂದರು. ಹಜಾರದ ತುಂಬ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಫೋಟೋವನ್ನು ಅಲ್ಲೇ ಅಳಿಸಿಹಾಕಿದೆ.

ಫ್ಲ್ಯಾಷು ಹಾಡುವವರನ್ನು ಕೆಡಿಸುತ್ತದೆ, ಸರಿ. ಫೋಟೋವನ್ನೂ ಕೆಡಿಸುತ್ತದೆ. ದೂರ ಎರಡರಷ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸಭಾಂಗಣದ ಹಿಂದಿನ ಸಾಲಿನಿಂದ ಹೊಡೆದರೆ ಬೆಳಗುವುದು ಮುಂದೆ ಕೂತವರ ಜಡೆ, ಮಲ್ಲಿಗೆ ದಂಡೆ ಅಷ್ಟೇ. ಹತ್ತಿರದಿಂದ ಹೊಡೆದರೆ ಇರುಳು, ಬಲ್ಬಿನ ಹಳದಿ, ಕೆನ್ನೆಯ ಮೇಲಿನ ನೆರಳು ಎಲ್ಲ ತೊಳೆದುಹೋಗುತ್ತವೆ. ಹಾಡು ಆ ಬೆಳಕಿನಲ್ಲಿ ಹುಟ್ಟಿದ್ದಾದರೆ ಫೋಟೋವೂ ಅದರಲ್ಲೇ ಹುಟ್ಟಬೇಕು. ಅದಕ್ಕೇ ಸಂಗೀತಕ್ಕೆ ಕ್ಯಾಮೆರಾ ಆರಿಸುವಾಗ ನನ್ನ ಪ್ರಶ್ನೆ ಇದೊಂದೇ: ಇರುವ ಬೆಳಕು ಇದಕ್ಕೆ ಸಾಕೇ?

ಮಂಡ್ಯದ ಅಂಗಡಿಯೊಂದಕ್ಕೆ ಹೋದೆ. ಹುಡುಗ ಉತ್ಸಾಹಿ. “ಅಕ್ಕಾ, ಇದು ಇಪ್ಪತ್ನಾಲ್ಕು ಮೆಗಾಪಿಕ್ಸೆಲ್, ಅದು ನಲವತ್ತೈದು” ಎಂದು ಒಂದೊಂದೇ ಎತ್ತಿಟ್ಟ. ಗೋಡೆಯಷ್ಟು ದೊಡ್ಡದು ಮಾಡಿಸುವವರಿಗೆ ಆ ಲೆಕ್ಕ. ಮನೆಯಲ್ಲಿ ಕಟ್ಟು ಹಾಕಿಸುವ ಫೋಟೋಕ್ಕೆ ಹನ್ನೆರಡೇ ಧಾರಾಳ. ನಾನು ಕೇಳಿದ್ದು ಲೆನ್ಸನ್ನು. ಹಳೇ ತೊಟ್ಟಿಮನೆಯ ಅಡುಗೆಕೋಣೆಯಲ್ಲಿ ಗವಾಕ್ಷಿ ಇರುತ್ತಿತ್ತಲ್ಲ, ಲೆನ್ಸಿನೊಳಗಿನ ಕಿಂಡಿ ಅಂಥದ್ದು. ಅದು ಎಷ್ಟು ದೊಡ್ಡದೋ ಅಷ್ಟು ಬೆಳಕು. ಲೆಕ್ಕ ಮಾತ್ರ ತಿರುವುಮುರುವು: ಎಫ್ ಎಂಬ ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾದ ಜೊತೆ ಬರುವ ಜೂಮ್ ಲೆನ್ಸು ದೂರದ್ದನ್ನು ಎಳೆದುಕೊಂಡಾಗ ಸಾಮಾನ್ಯವಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. ಜೂಮ್ ಇಲ್ಲದ 50 ಎಂ.ಎಂ. ಎಫ್ 1.8 ಲೆನ್ಸು ಅದಕ್ಕಿಂತ ಹೆಚ್ಚುಕಡಿಮೆ ಹತ್ತರಷ್ಟು ಬೆಳಕು ಒಳಗೆ ಬಿಡುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಇದು ಅಗ್ಗದ ಲೆನ್ಸುಗಳ ಸಾಲಿನದೇ. ದುಬಾರಿ ಕ್ಯಾಮೆರಾಕ್ಕೆ ಮಂಕು ಲೆನ್ಸು ಹಾಕುವುದಕ್ಕಿಂತ ಹಳೇ ಕ್ಯಾಮೆರಾಕ್ಕೆ ಈ ಲೆನ್ಸು ಹಾಕುವುದು ಜಾಣತನ. ಒಂದು ಕಷ್ಟ ಉಂಟು. ಜೂಮ್ ಇಲ್ಲದ್ದರಿಂದ ನಾವೇ ಎದ್ದು ಹತ್ತಿರ ಹೋಗಬೇಕು. ಇನ್ನೊಂದು: ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಗೇಣಿಗಿಂತ ಕಡಿಮೆ. ತಂಬೂರಿಗೆ ಗುರಿಯಿಟ್ಟರೆ ಮುಖ ಮಸುಕಾಗುತ್ತದೆ. ಗುರಿ ಯಾವಾಗಲೂ ಕಣ್ಣಿಗೆ.

ಎರಡನೆಯದು ಐ.ಎಸ್.ಒ. ಇದು ಸಾರಿಗೆ ನೀರು ಬೆರೆಸುವ ವಿದ್ಯೆ. ನೆಂಟರು ಜಾಸ್ತಿ ಬಂದಾಗ ಬೆರೆಸಲೇಬೇಕು, ಬೆರೆಸಿದಷ್ಟೂ ರುಚಿ ಇಳಿಯುತ್ತದೆ. ಕತ್ತಲಲ್ಲಿ ಐ.ಎಸ್.ಒ. ಏರಿಸಿದರೆ ಫೋಟೋದ ಮೇಲೆ ರಾಗಿಕಾಳು ಚೆಲ್ಲಿದ ಹಾಗೆ ಚುಕ್ಕೆ ಏಳುತ್ತವೆ. ಫಿಲ್ಮಿನ ಕಾಲದಲ್ಲಿ 400ರ ಫಿಲ್ಮನ್ನು ತೊಳೆಯುವಾಗ ಎಳೆದು 1600ಕ್ಕೆ ಒಗ್ಗಿಸಿದರೆ ಅದೇ ಸಾಹಸ. ಈಗಿನ ಕ್ಯಾಮೆರಾಗಳು 3200, 6400ರಲ್ಲೂ ಮುಖದ ಗೆರೆ ಉಳಿಸಿಕೊಡುತ್ತವೆ. ಕೊಳ್ಳುವ ಮುಂಚೆ ಅಂಗಡಿಯ ಮೇಜಿನ ಕೆಳಗಿನ ಕತ್ತಲಲ್ಲಿ 6400 ಇಟ್ಟು ಒಂದು ಫೋಟೋ ತೆಗೆದು ನೋಡಿ. ಹುಡುಗ ನಗಬಹುದು, ನಗಲಿ ಬಿಡಿ.

ಮೂರನೆಯದು ಶಟರು, ಎಂದರೆ ಬಾಗಿಲು ತೆರೆದಿರುವ ಹೊತ್ತು. ಹಾಡುವ ಮುಖಕ್ಕೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಡಕ್ಕೆಯ ಮೇಲಿನ ಬೆರಳಿಗೆ 250ನೇ ಒಂದಾದರೂ ಬೇಕು. ಫೋನಿನ ರಾತ್ರಿ ಫೋಟೋ ಸೋಲುವುದು ಇಲ್ಲೇ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಬೆಳಕು ಮಾಡುತ್ತದೆ, ಅಷ್ಟರಲ್ಲಿ ಆಡುವ ಬೆರಳು ಕರಗಿ ಹೊಗೆಯಾಗಿರುತ್ತದೆ. ಹಿಂದೆ ಕತ್ತಲಿದ್ದರೆ ಕ್ಯಾಮೆರಾ ಗಾಬರಿಯಾಗಿ ಎಲ್ಲವನ್ನೂ ಬೆಳಗಿಸಲು ಹೋಗಿ ಮುಖಕ್ಕೆ ಸುಣ್ಣ ಬಳಿಯುತ್ತದೆ. ಬೆಳಕನ್ನು ಮೈನಸ್ ಒಂದಕ್ಕೆ ಇಳಿಸಿಕೊಂಡರೆ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ.

ಈ ಕತ್ತಲು-ಬೆಳಕಿನ ಮಾತು ಬಂದಾಗ ನನಗೆ ಸ್ವಲ್ಪ ಹೆಮ್ಮೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ನಮ್ಮ ಶಿವನಸಮುದ್ರದಿಂದ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿದ್ದೂ ಅದರಿಂದಲೇ. ಬೆಳಕು ಕೊಟ್ಟ ಊರಿನವಳಿಗೆ ಈಗಿನ ಬಣ್ಣಬಣ್ಣದ ಎಲ್‌ಇಡಿ ವೇದಿಕೆ ಕಂಡರೆ ತಲೆನೋವು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಇದೇ ಊರಿನಲ್ಲಿ 1994ರಲ್ಲೂ ನಡೆದಿತ್ತು. ಎರಡರ ನಡುವಿನ ಮೂವತ್ತು ವರ್ಷದಲ್ಲಿ ವೇದಿಕೆಯ ದೀಪವೆಂಬುದೇ ಬೇರೆಯಾಗಿದೆ. ಬರೀ ಕೆಂಪು ದೀಪ ಬಿದ್ದರೆ ಮುಖದ ಗೆರೆಗಳೆಲ್ಲ ಅಳಿಸಿ ಕೆಂಪು ಮುದ್ದೆಯೊಂದು ಉಳಿಯುತ್ತದೆ. ಅಂಥ ಫೋಟೋವನ್ನು ಕಪ್ಪು-ಬಿಳುಪು ಮಾಡಿದರೆ ಒಮ್ಮೊಮ್ಮೆ ಬದುಕುತ್ತದೆ. ನಮ್ಮ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳು ಸದ್ದೇ ಇಲ್ಲದೆ ಫೋಟೋ ತೆಗೆಯಬಲ್ಲವು, ಸಂಗೀತಕ್ಕೆ ಅದೊಂದು ವರ. ಆದರೆ ಇಂಥ ದೀಪದಡಿ ಸದ್ದಿಲ್ಲದ ಶಟರು ಹಾಕಿದರೆ ಚಿತ್ರದ ಮೇಲೆ ಪಟ್ಟೆಪಟ್ಟೆ. ಸದ್ದಿನ ಶಟರನ್ನು 100ನೇ ಒಂದು ಭಾಗಕ್ಕೆ ಇಟ್ಟರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ, ಟಕ್ ಎಂಬ ಸದ್ದು ಬರುತ್ತದೆ. ನಾನು ಕಂಡುಕೊಂಡ ದಾರಿ: ಬಲ್ಬು, ದೀಪದ ಬೆಳಕಾದರೆ ಮೌನ. ಟ್ಯೂಬ್‌ಲೈಟಾದರೆ ತಾಳ-ಡಕ್ಕೆ ಜೋರಾಗುವವರೆಗೂ ಕೈ ಕಟ್ಟಿ ಕೇಳುವುದು, ಆ ಜೋರಿನಲ್ಲಿ ಒಂದೆರಡು ಒತ್ತುವುದು. ಹಾಡು ಕೇಳದವರಿಗೆ ಹಾಡಿನ ಫೋಟೋ ಸಿಕ್ಕದು.

ದೊಡ್ಡವರ ಕೆಲಸ ನೋಡಿದರೂ ಇದೇ ಪಾಠ. ಅಮೆರಿಕದ ಜಿಮ್ ಮಾರ್ಷಲ್ ಸಣ್ಣ ಲೈಕಾ ಹಿಡಿದು, ಇದ್ದ ಬೆಳಕಿನಲ್ಲೇ ಗಾಯಕರ ಜೊತೆಯವನಂತೆ ಓಡಾಡಿದವನು. ರಘು ರಾಯ್ ನಮ್ಮ ಶಾಸ್ತ್ರೀಯ ಸಂಗೀತಗಾರರನ್ನು ವೇದಿಕೆಯ ಮೇಲಷ್ಟೇ ಅಲ್ಲ, ಮನೆಯಲ್ಲಿ, ಅಭ್ಯಾಸದ ಹೊತ್ತಿನಲ್ಲಿ ಹಿಡಿದರು. 2010ರಲ್ಲಿ ಬಂದ ಅವರ ಪುಸ್ತಕದಲ್ಲಿ ಗದಗಿನ ಭೀಮಸೇನ ಜೋಷಿಯವರೂ ಇದ್ದಾರೆ. ನನಗೆ ಅವು ಸೇರುವುದು ಯಾಕೆಂದರೆ ಅಲ್ಲಿ ಮುಖಕ್ಕಿಂತ ಮೊದಲು ದನಿ ಕಾಣುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬರೀ ಕ್ಯಾಮೆರಾ ಬೈದು ಪ್ರಯೋಜನವಿಲ್ಲ.

ಕೊನೆಗೆ ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಒಂದು, ಹೊಸ 50ರ ಲೆನ್ಸು ಒಂದು. ಜೂಮಿಗೆ ಇಟ್ಟಿದ್ದ ದುಡ್ಡು ಉಳಿಯಿತು. ಕಾರ್ತಿಕದ ಒಂದು ಸಂಜೆ ಮದ್ದೂರಿಗೆ ಹೋದೆ. ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೂತು, ಯಾರೂ ಇಲ್ಲವೆಂದುಕೊಂಡು, ಮಾವ ಹಾಡುತ್ತಿದ್ದ ಪದವನ್ನೇ ಹೇಳಿಕೊಳ್ಳುತ್ತಿದ್ದರು. ನಲವತ್ತು ವರ್ಷದಲ್ಲಿ ಅವರು ಹಾಡುವುದನ್ನು ನಾನು ಕೇಳಿರಲಿಲ್ಲ! ಬಾಗಿಲ ಬಳಿಯೇ ನಿಂತೆ. ಐ.ಎಸ್.ಒ. 6400, ಎಫ್ 1.8, ಸದ್ದಿಲ್ಲ. ನಾಲ್ಕು ತೆಗೆದೆ, ಮೂರು ಕೆಟ್ಟವು. ಒಂದರಲ್ಲಿ ರಾಗಿಕಾಳು ಚೆಲ್ಲಿದೆ, ಸೆರಗು ಮಸುಕು, ಆದರೆ ದೀಪದ ಬೆಳಕು ಕೆನ್ನೆಯ ಮೇಲಿದೆ, ಬಾಯಿ ಪದದ ನಡುವೆ ತೆರೆದಿದೆ.

ಅದನ್ನು ಕಟ್ಟು ಹಾಕಿಸಿ ಒಯ್ದಾಗ ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಅಯ್ಯೋ, ಇಷ್ಟಗಲ ಬಾಯಿ ಬುಡ್ತೀನಾ ನಾನು?” ಎಂದು ನಕ್ಕರು. ಆಮೇಲೆ ಎದ್ದು ಹೋಗಿ, ಮಾವನ ಫೋಟೋದ ಪಕ್ಕದಲ್ಲಿದ್ದ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದರು.