ಆ ಸಾವನ್ನು ಕಂಡವರು ಯಾರು?

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯೊಂದರಲ್ಲಿ ಪೋರ್ಚುಗೀಸ್ ಕವಿ ಕಮೋಯಿಶ್‌ನ ‘ಲೂಸಿಯಾಡ್ಸ್’ ಮಹಾಕಾವ್ಯದ ಬಗ್ಗೆ ಮಾತಾಡುತ್ತಿದ್ದೆ. ಗುಡ್ ಹೋಪ್ ಭೂಶಿರದ ದೈತ್ಯ ಅದಮಾಸ್ಟರ್, ತನ್ನ ಕಡಲನ್ನು ದಾಟುವ ಹಡಗುಗಳಿಗೆ ಮುಂದೆ ಒದಗಲಿರುವ ಗತಿಯನ್ನು ನುಡಿಯುವ ಐದನೆಯ ಸರ್ಗ ಅದು. ಅವನು ಸೂಚಿಸುವ ಸೆಪುಲ್ವೇದಾ ದಂಪತಿಯ ಕಥೆಯನ್ನು ನಾನು ಸ್ವಲ್ಪ ರಸವತ್ತಾಗಿಯೇ ಹೇಳಿದೆ: ಹಡಗು ಒಡೆದದ್ದು, ಹಸಿವು, ಬಿಸಿ ಮರಳು, ಮಕ್ಕಳ ಸಾವು, ಹೆಂಡತಿಯ ಸಾವು, ಗಂಡ ಕಾಡಿನೊಳಗೆ ಮರೆಯಾದದ್ದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಅಲ್ಲಿದ್ದವರೆಲ್ಲ ಸತ್ತುಹೋದ್ರು ಅಂದ್ರಿ. ಹಾಗಾದ್ರೆ ಇದನ್ನೆಲ್ಲ ನೋಡಿ ಬಂದು ಹೇಳಿದ್ದು ಯಾರು?”

ನನ್ನ ಬಳಿ ಉತ್ತರವಿರಲಿಲ್ಲ. ಬೆಲ್ ಹೊಡೆದದ್ದು ನನ್ನ ಪುಣ್ಯ. ಆಮೇಲೆ ಕಾವ್ಯವನ್ನು ಬದಿಗಿಟ್ಟು, ಅದಕ್ಕೆ ಮೂಲವಾದ ಗದ್ಯಕಥನವನ್ನು ಅನುವಾದದಲ್ಲಿ ಹುಡುಕಿ ಓದಿದೆ. ಉತ್ತರ ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಹಾದುಹೋಗಿ ಅದನ್ನು ಕಾಣದವನು ನಾನೊಬ್ಬನೇ ಅಲ್ಲ ಎಂಬುದೂ ಆಗ ತಿಳಿಯಿತು.

1552ರ ಫೆಬ್ರವರಿ 3ರಂದು ‘ಸಾವೊ ಜೊವಾವೊ’ ಎಂಬ ದೊಡ್ಡ ಹಡಗು ಕೊಚ್ಚಿಯಿಂದ ಲಿಸ್ಬನ್ನಿಗೆ ಹೊರಟಿತು. ಒಡಲಲ್ಲಿ ಮಲಬಾರಿನ ಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದ ಪೋರ್ಚುಗೀಸರು ಯಾವ ವ್ಯಾಪಾರಕ್ಕೆ ಬಾಯಿ ಬಿಡುತ್ತಿದ್ದರೋ, ಅದೇ ವ್ಯಾಪಾರ. ಮೆಣಸು ಕೂಡಿಸುವುದರಲ್ಲಿ ಹೊರಡುವ ಕಾಲ ಮೀರಿತ್ತು. ಹಾಯಿಗಳು ಹಳೆಯವು, ಹರಿದರೆ ಕಟ್ಟಲು ಇನ್ನೊಂದು ಜೊತೆ ಇರಲಿಲ್ಲ. ಚುಕ್ಕಾಣಿಯ ಮರ ಕೊಳೆತಿತ್ತು. ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ, ಹಾಯಿಕಂಬ ಎರಡನ್ನೂ ಕಳೆದುಕೊಂಡು, ಜೂನ್ ತಿಂಗಳಲ್ಲಿ ಈಗಿನ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಗೆ ಬಂದು ಒಡೆಯಿತು.

ಆ ಕರಾವಳಿಯ ಒಂದು ಭಾಗಕ್ಕೆ ಇಂದಿಗೂ ‘ವೈಲ್ಡ್ ಕೋಸ್ಟ್’ ಎಂದೇ ಹೆಸರು. ಆಗುಲ್ಹಾಸ್ ಪ್ರವಾಹ ಅಲ್ಲಿ ನೈಋತ್ಯ ದಿಕ್ಕಿಗೆ ರಭಸದಿಂದ ಹರಿಯುತ್ತದೆ. ಎದುರಿನಿಂದ ನೈಋತ್ಯದ ಗಾಳಿ ಬೀಸಿತೆಂದರೆ ಅಲೆಗಳು ಗೋಡೆಯಂತೆ ಏಳುತ್ತವೆ. ದಡದಲ್ಲಿ ಬಂಡೆ. ನಾಯಕ ಮಾನುಯೆಲ್ ದ ಸೋಜಾ ಸೆಪುಲ್ವೇದಾ, ಅವನ ಹೆಂಡತಿ ಡೋನಾ ಲಿಯೊನೋರ್, ಮಕ್ಕಳು ಮತ್ತು ಕೆಲವರು ಮೊದಲೇ ದೋಣಿಯಲ್ಲಿ ದಡ ಸೇರಿದ್ದರು. ಉಳಿದವರು ಹಡಗಿನಲ್ಲಿದ್ದಾಗಲೇ ಅದು ಎರಡು ಹೋಳಾಯಿತು, ಎರಡು ನಾಲ್ಕಾಯಿತು.

ಬದುಕಿ ದಡ ಸೇರಿದವರು ಸುಮಾರು 500 ಜನ. ಅವರಲ್ಲಿ ಪೋರ್ಚುಗೀಸರು 180, ಮಿಕ್ಕವರೆಲ್ಲ ಗುಲಾಮರು. ಈಗಿನ ಮಾಪುಟೊ ಕೊಲ್ಲಿಯ ಕಡೆಗೆ, ಉತ್ತರಕ್ಕೆ, ನಡೆಯುತ್ತ ಹೊರಟರು. 1553ರ ಮೇ 25ರಂದು ಮೊಜಾಂಬಿಕ್ ದ್ವೀಪ ತಲುಪಿದವರು 25 ಮಂದಿ: ಎಂಟು ಪೋರ್ಚುಗೀಸರು, ಹದಿನಾಲ್ಕು ಗುಲಾಮರು, ಮೂವರು ದಾಸಿಯರು.

ಹಡಗಿನ ಸಿಬ್ಬಂದಿಯಲ್ಲೊಬ್ಬನಾದ ಆಲ್ವಾರೊ ಫೆರ್ನಾಂಡಿಸ್ ಹೇಳಿದ್ದನ್ನು ಕೇಳಿ ಯಾರೋ ಇದನ್ನು ಬರೆದರು. ಬಿಡಿ ಪುಸ್ತಿಕೆಯಾಗಿ ಅಚ್ಚಾಗಿ ಜನಪ್ರಿಯವಾಯಿತು. 1735–36ರಲ್ಲಿ ಬರ್ನಾರ್ಡೊ ಗೊಮೆಸ್ ದ ಬ್ರಿಟೊ ಇಂಥ ಹನ್ನೆರಡು ಕಥನಗಳನ್ನು ‘ಕಡಲ ದುರಂತ ಚರಿತ್ರೆ’ ಎಂಬ ಅರ್ಥದ ಹೆಸರಿನಲ್ಲಿ ಎರಡು ಸಂಪುಟಗಳಾಗಿ ತಂದಾಗ ಮೊದಲ ಜಾಗ ಸಿಕ್ಕಿದ್ದು ಇದಕ್ಕೇ. ದೇವರಿಗೆ ಹೆದರಿ ಬಾಳಿ ಎಂಬ ನೀತಿಯೊಂದಿಗೆ ಕಥನ ಶುರುವಾಗುತ್ತದೆ. ಆದರೆ ಮುಂದಿನ ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀತಿಯಲ್ಲ, ಲೆಕ್ಕ.

ಉದಾಹರಣೆಗೆ ಒಂದು ಪ್ರಸಂಗ. ಸೆಪುಲ್ವೇದಾಗೆ ಬೇರೊಬ್ಬಳಿಂದ ಹುಟ್ಟಿದ ಹತ್ತು ವರ್ಷದ ಮಗನೊಬ್ಬನಿದ್ದ. ಗುಲಾಮನೊಬ್ಬ ಅವನನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದ. ಹಸಿವಿನಿಂದ ಸೋತು ಇಬ್ಬರೂ ಹಿಂದುಳಿದರು. ವಿಷಯ ತಿಳಿದ ತಂದೆ, ಹೋಗಿ ಕರೆತಂದವರಿಗೆ 500 ಕ್ರುಜಾಡೊ ಕೊಡುತ್ತೇನೆಂದ. ಕತ್ತಲಾಗುತ್ತಿತ್ತು, ಕಾಡುಮೃಗಗಳ ಭಯ; ಯಾರೂ ಹೋಗಲಿಲ್ಲ. ತಂದೆಯ ಸಂಕಟವನ್ನು ಕಥನ ಮನಕರಗುವಂತೆ ಹೇಳುತ್ತದೆ. ಹೊತ್ತವನೂ ಹುಡುಗನ ಜೊತೆಯಲ್ಲೇ ಸತ್ತ ಎಂಬುದನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಇನ್ನು ಆ ಪ್ರಸಿದ್ಧ ಸಾವು. ಸ್ಥಳೀಯ ಅರಸನೊಬ್ಬನ ಮಾತು ನಂಬಿ ಆಯುಧಗಳನ್ನು ಒಪ್ಪಿಸಿದ ಮೇಲೆ ಇವರನ್ನು ದೋಚಿ ಬಟ್ಟೆಗಳನ್ನೂ ಕಿತ್ತುಕೊಂಡರು. ಲಿಯೊನೋರ್ ಕೈಯಿಂದ ಹೊಡೆದು ಪ್ರತಿಭಟಿಸಿದಳು. ಕೊನೆಗೆ ತನ್ನ ಉದ್ದನೆಯ ಕೂದಲಿಂದ ಮೈ ಮುಚ್ಚಿಕೊಂಡು, ಮರಳಲ್ಲಿ ಗುಂಡಿ ತೋಡಿ ಸೊಂಟದವರೆಗೆ ಹೂತುಕೊಂಡಳು, ಮತ್ತೆ ಮೇಲೇಳಲಿಲ್ಲ. ಜೊತೆಗಿದ್ದ ಗಂಡಸರು ನಾಚಿಕೆಯಿಂದ ದೂರ ಸರಿದರು, ಆಮೇಲೆ ಮುಂದೆ ನಡೆದರು. ಗಂಡ ಕಾಡಿಗೆ ಹಣ್ಣು ಹುಡುಕಲು ಹೋಗುತ್ತಿದ್ದ. ಒಮ್ಮೆ ಬಂದಾಗ ಒಂದು ಮಗು ಸತ್ತಿತ್ತು. ಮತ್ತೊಮ್ಮೆ ಬಂದಾಗ ಅವಳೂ ಇನ್ನೊಂದು ಮಗುವೂ ಸತ್ತಿದ್ದರು. ದಾಸಿಯರು ಸುತ್ತ ಕೂತು ಅಳುತ್ತಿದ್ದರು. ಅವನು ಕೆನ್ನೆಗೆ ಕೈಯಿಟ್ಟು ಅರ್ಧ ಗಂಟೆ ಕೂತ. ಅಳಲಿಲ್ಲ, ಮಾತಾಡಲಿಲ್ಲ. ಎದ್ದು, ದಾಸಿಯರ ನೆರವಿನಿಂದ ಕುಳಿ ತೋಡಿ ಇಬ್ಬರನ್ನೂ ಮಣ್ಣು ಮಾಡಿ, ಕಾಡಿನೊಳಗೆ ಹೋದ. ಮತ್ತೆ ಯಾರಿಗೂ ಕಾಣಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆ ಕೇಳೋಣ. ಗಂಡಸರು ಮರ್ಯಾದೆಗೆ ಹೋಗಿಬಿಟ್ಟಿದ್ದರು. ಆ ಅರ್ಧ ಗಂಟೆಯ ಮೌನವನ್ನು ಅಳೆದ ಕಣ್ಣು ಯಾರದು? ಕೆನ್ನೆಗಿಟ್ಟ ಕೈಯನ್ನು ಕಂಡವರು ಯಾರು? ಆ ದಾಸಿಯರೇ. ಬದುಕಿ ಬಂದ ಮೂವರು ಲಿಯೊನೋರ್ ಸತ್ತದ್ದನ್ನು ಗೋವೆಯಲ್ಲಿ ಹೇಳಿದರೆಂದು ಕಥನವೇ ಒಂದು ಸಾಲಿನಲ್ಲಿ ಒಪ್ಪಿಕೊಳ್ಳುತ್ತದೆ. ಯುರೋಪಿನ ಓದುಗರನ್ನು ಶತಮಾನಗಳ ಕಾಲ ಅಳಿಸಿದ ದೃಶ್ಯದ ಮೊದಲ ನಿರೂಪಕಿಯರು ಈ ಮೂವರು. ಫೆರ್ನಾಂಡಿಸ್‌ಗೆ ಹೆಸರಿದೆ. ಇವರಿಗಿಲ್ಲ.

1572ರಲ್ಲಿ ಪ್ರಕಟವಾದ ತನ್ನ ಕಾವ್ಯದಲ್ಲಿ ಕಮೋಯಿಶ್ ಏನು ಮಾಡಿದ ನೋಡಿ. ಉಳಿದುಕೊಂಡ ಕಣ್ಣುಗಳು ಇದನ್ನೆಲ್ಲ ನೋಡಲಿವೆ ಎಂದು ದೈತ್ಯನ ಬಾಯಲ್ಲಿ ಹೇಳಿಸುತ್ತಾನೆ. ಅಂದರೆ ಸಾಕ್ಷಿಗಳಿದ್ದರೆಂದು ಅವನಿಗೆ ಗೊತ್ತಿತ್ತು. ಆದರೆ ಕಣ್ಣುಗಳಷ್ಟೇ ಉಳಿದವು. ಅವುಗಳ ಹಿಂದಿನ ಹೆಂಗಸರು ಮಾಯ. ಬೇರೆ ಬೇರೆಯಾಗಿ ಸತ್ತ ಗಂಡ ಹೆಂಡತಿ ಅಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಪ್ರಾಣ ಬಿಡುತ್ತಾರೆ. 1594ರಲ್ಲಿ ಜೆರೋನಿಮೊ ಕೊರ್ತೆ ರಿಯಾಲ್‌ನ ಇಡೀ ಮಹಾಕಾವ್ಯವೇ ಈ ವಸ್ತುವಿನ ಮೇಲೆ ಬಂತು. ಕಾವ್ಯಕ್ಕೆ ಪ್ರೇಮಿಗಳು ಬೇಕಿತ್ತು. ಗುಂಡಿ ತೋಡಿದ ಕೈಗಳು ಬೇಕಿರಲಿಲ್ಲ.

ಕವಿ ವಸ್ತುವನ್ನು ಬದಲಿಸಬಾರದೆಂದು ನಾನು ಹೇಳುತ್ತಿಲ್ಲ. ಪಂಪ, ಕುಮಾರವ್ಯಾಸರನ್ನು ಓದಿ ಬೆಳೆದವರು ಹಾಗೆ ಹೇಳಲಾರೆವು. ಆದರೆ ನಮ್ಮ ಭಾರತ ಕಥೆಯಲ್ಲಿ ಕುರುಡ ಅರಸನಿಗೆ ಯುದ್ಧವನ್ನು ಕಂಡು ಹೇಳುವ ಸೂತ ಸಂಜಯನಿಗೆ ಹೆಸರಿದೆ, ದುಃಖವಿದೆ, ಅರಸನನ್ನು ಗದರುವ ಹಕ್ಕೂ ಇದೆ. ಕಂಡವರನ್ನು ಕಥೆಯೊಳಗೆ ಇಟ್ಟರೆ ಕಥೆ ಸಣ್ಣದಾಗುವುದಿಲ್ಲ. ಹಡಗೊಡೆದ ಈ ಕಥನಗಳು ಸಾಮ್ರಾಜ್ಯದ ವಿಜಯಗಾಥೆಯನ್ನೇ ಒಳಗಿನಿಂದ ಕೆಡವುತ್ತವೆ ಎಂದು ವಿಮರ್ಶಕ ಜೊಸಾಯ ಬ್ಲ್ಯಾಕ್‌ಮೋರ್ ವಾದಿಸಿದ್ದಾರೆ. ನಾನು ಒಪ್ಪುತ್ತೇನೆ. ಜೊತೆಗೆ ಇಷ್ಟು ಸೇರಿಸುತ್ತೇನೆ: ಅಲಂಕಾರವಿಲ್ಲದ ಆ ಗದ್ಯ, ತಾನು ಗೌರವಿಸದವರ ಸುಳಿವನ್ನೂ ಅಳಿಸದೆ ಉಳಿಸಿದೆ. ಈ ಒಂದು ವಿಷಯದಲ್ಲಿ ಅದು ಮಹಾಕಾವ್ಯಕ್ಕಿಂತ ದೊಡ್ಡದು.

ಕೊನೆಯ ಲೆಕ್ಕವೊಂದಿದೆ. ಅಲ್ಲಲ್ಲಿ ಚದುರಿದ್ದ ಈ ಜನರನ್ನು ವ್ಯಾಪಾರಕ್ಕೆ ಬಂದ ಪೋರ್ಚುಗೀಸ್ ಹಡಗೊಂದು ಸ್ಥಳೀಯರಿಗೆ ಮಣಿ ಕೊಟ್ಟು ಬಿಡಿಸಿಕೊಂಡಿತು. ತಲೆಗೆ ಎರಡು ವಿಂಟೆಮ್ ಬೆಲೆಯ ಮಣಿಗಳು. ಅಲ್ಲಿ ತಲೆಗೊಂದೇ ಬೆಲೆ. ದಕ್ಷಿಣ ಆಫ್ರಿಕಾದ ಪೋರ್ಟ್ ಎಡ್ವರ್ಡ್ ಬಳಿಯ ದಡದಲ್ಲಿ ಚೀನೀ ಪಿಂಗಾಣಿ ಚೂರುಗಳೂ ಕೆಂಪು ಅಗೇಟಿನ ಮಣಿಗಳೂ ಸಿಕ್ಕಿವೆ. ಅವು ಈ ಹಡಗಿನವೇ ಎಂದು ಅನೇಕರು ನಂಬುತ್ತಾರೆ.

ಈಗಲೂ ಆ ಪಾಠ ಮಾಡುತ್ತೇನೆ. ಶುರು ಮಾತ್ರ ಬೇರೆ. “ಮೂವರು ಹೆಂಗಸರು ಗೋವೆಗೆ ಬಂದು ತಾವು ಕಂಡದ್ದನ್ನು ಹೇಳಿದರು” ಎಂದು ಆರಂಭಿಸುತ್ತೇನೆ. ಆಮೇಲೆ ಹಡಗು, ಬಿರುಗಾಳಿ, ಬಂಡೆ.