ಖಣಿ, ಫರಸಿ ಮತ್ತು ಗಣಿ ಪರಂಪರೆಯ ಅಳತೆಗೋಲು

ಕರ್ನಾಟಕದ ಗಣಿ ಪರಂಪರೆ ಎಂದೊಡನೆ ಕೋಲಾರ, ಹಟ್ಟಿಗಳ ಹೆಸರು ಮುಂದೆ ಬರುತ್ತದೆ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 2001ರಲ್ಲಿ ನಿಂತುಹೋದ ಕೆಲಸ, ಇವು ಕೋಲಾರದ ಕಥನಕ್ಕೆ ಸಿದ್ಧ ಸಾಮಗ್ರಿ. ಹಟ್ಟಿಯ ಪ್ರಾಚೀನ ಅಗೆತಗಳಿಗೆ ಆಲ್ಚಿನ್ ಅವರ 1962ರ ಅಧ್ಯಯನದ ಬೆಂಬಲವಿದೆ. ಆಳ ಮತ್ತು ಲೋಹದ ಬೆಲೆಯನ್ನೇ ಅಳತೆಗೋಲಾಗಿಸಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಬರುವ ಸಂದರ್ಶಕನಿಗೆ ಇಲ್ಲಿ ನೋಡತಕ್ಕದ್ದೇನೂ ಕಾಣದು. ಈ ಅಳತೆಗೋಲನ್ನೇ ಪ್ರಶ್ನಿಸಬೇಕಾಗಿದೆ.

ಭೀಮಾ ತೀರದ ಈ ನೆಲ ಏಕರೂಪದ್ದಲ್ಲ. ಆಳಂದದ ಕಡೆ ಲಾವಾದಿಂದಾದ ಕಪ್ಪು ಕಲ್ಲು. ಜೇವರ್ಗಿಯ ಕಡೆಗೆ ಸರಿದಂತೆ ಪದರು ಪದರಾದ ಸುಣ್ಣಕಲ್ಲು. ಹೊರಗಿನವರು ಶಹಾಬಾದ್ ಕಲ್ಲೆಂದೂ ಇಲ್ಲಿಯವರು ಫರಸಿ ಎಂದೂ ಕರೆಯುವುದು ಇದನ್ನೇ. ಪದರುಗಳು ಬಹುಮಟ್ಟಿಗೆ ಸಮತಲವಾಗಿರುವುದರಿಂದ ಸಂದು ಹುಡುಕಿ ಹಾರೆ ಹಾಕಿದರೆ ಹಾಸುಗಲ್ಲು ಏಳುತ್ತದೆ. ಯಾವ ಪದರು ನೆಲಕ್ಕೆ, ಯಾವುದು ಮಾಳಿಗೆಗೆ ಎಂಬ ವಿವೇಕ ಕೈಯಿಂದ ಕೈಗೆ ಬಂದದ್ದು. ಇದರ ಪ್ರಾಚೀನತೆಯೂ ಕಡಿಮೆಯದಲ್ಲ. ನೆರೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ ಶಿಲ್ಪಫಲಕಗಳು ಸುಣ್ಣಕಲ್ಲಿನವೇ. ಅಲ್ಲಿಯ ಒಂದು ಫಲಕದಲ್ಲಿ ಅಶೋಕನ ಆಕೃತಿಯೂ ಹೆಸರೂ ಇವೆ. ವಿದ್ವಾಂಸರು ಆ ಅಕ್ಷರಗಳನ್ನು ಓದಿದ್ದಾರೆ, ಶಿಲ್ಪದ ಶೈಲಿಯನ್ನು ಚರ್ಚಿಸಿದ್ದಾರೆ. ಅಷ್ಟು ದೊಡ್ಡ ಹಾಸುಗಳನ್ನು ಬಿರಿಯದಂತೆ ಎಬ್ಬಿಸಿದ ಕೌಶಲ ಮಾತ್ರ ಆ ಚರ್ಚೆಯ ಅಂಚಿನಲ್ಲೇ ಉಳಿದಿದೆ.

ಜಾನಪದ ಅಧ್ಯಯನವೂ ಈ ವಿಷಯದಲ್ಲಿ ಉದಾರವಾಗಿಲ್ಲ. ಬೀಸುವ ಪದಗಳನ್ನು ನಾವು ಸಂಪುಟಗಟ್ಟಲೆ ಸಂಗ್ರಹಿಸಿದೆವು. ಆ ಬೀಸುಕಲ್ಲು ಯಾವ ಖಣಿಯದು, ಅದಕ್ಕೆ ಮುಳ್ಳು ಹೊಡೆದವರಾರು ಎಂದು ಕೇಳಿದ್ದು ವಿರಳ. ವೃತ್ತಿಪದಕೋಶಗಳ ಮಾತು ಬಂದಾಗ ಕುಂಬಾರ, ನೇಕಾರರಿಗೆ ದೊರೆತ ಗಮನ ಖಣಿಯ ಕೂಲಿಕಾರನಿಗೆ ದೊರೆಯಲಿಲ್ಲ. ಕಲ್ಲೊಡೆಯುವ ಭೋವಿ ಸಮುದಾಯವನ್ನು ಕುರಿತ ಬರಹಗಳು ಬೆಡಗು, ಮದುವೆ, ದೈವಗಳನ್ನು ವಿವರಿಸಿ, ಕಸುಬನ್ನು ಒಂದು ಕಂಡಿಕೆಯಲ್ಲಿ ಮುಗಿಸಿಬಿಡುವುದುಂಟು. (ಕಸುಬಿನಿಂದಲೇ ಗುರುತಿಸಿಕೊಂಡವರ ವಿಷಯದಲ್ಲಿ ಇದು ವಿಚಿತ್ರವೇ ಸರಿ.)

ಈಗ ಹೊಳಪಿನ ಟೈಲ್ಸು ಫರಸಿಯ ಜಾಗಕ್ಕೆ ಬಂದಿದೆ. ಅದೇ ಸುಣ್ಣಕಲ್ಲು ಸಿಮೆಂಟಿಗಾಗಿ ಪುಡಿಯಾಗುತ್ತಿದೆ. ಪುಡಿಯಾಗುವ ಕಲ್ಲಿಗೆ ಪದರು ಗುರುತಿಸುವವನ ಅಗತ್ಯವಿಲ್ಲ. ಆದುದರಿಂದ ಇಲ್ಲಿಯ ಗಣಿಸಂದರ್ಶನ ನೀರು ನಿಂತ ಹಳೆಯ ಖಣಿಯ ಅಂಚಿನಲ್ಲಿ ಮುಗಿಯತಕ್ಕದ್ದಲ್ಲ. ಹಳೆಯ ಮನೆಯ ಪಡಸಾಲೆ, ಗುಡಿಯ ಪೌಳಿ, ದರ್ಗಾದ ಅಂಗಳಗಳ ಹಾಸುಗಲ್ಲನ್ನೂ ನೋಡಬೇಕು. ಹಾರೆ ಹಿಡಿದ ಹಿರಿಯರು ಬದುಕಿರುವಾಗಲೇ ಪದರುಗಳಿಗೆ ಅವರಿಟ್ಟ ಹೆಸರುಗಳನ್ನು ಬರೆದುಕೊಳ್ಳಬೇಕು.